ರೋಗ ಹಿಡಿದ ಗಿಡ, ಮೂಳೆಗೆ ಮದ್ದು? ಮಕೊಮೊತಾಕೆ ಎಂಬ ತರಕಾರಿಯ ಲೆಕ್ಕ ಪರಿಶೋಧನೆ

ಇವತ್ತಿನ ಸಂಚಿಕೆ ಒಂದು ಪುಡಿ ಡಬ್ಬಿಯಿಂದ ಶುರುವಾಗುತ್ತೆ. ಆ ಡಬ್ಬಿ ಈಗಲೂ ನಮ್ಮ ಮನೆ ಅಡುಗೆಮನೆಯ ಶೆಲ್ಫಿನಲ್ಲಿ ಮೆಂತ್ಯದ ಡಬ್ಬಿ ಪಕ್ಕದಲ್ಲೇ ಇದೆ. ಸೀಲ್ ಒಡೆದಿದೆ, ಕಾಲು ಭಾಗ ಖಾಲಿಯಾಗಿದೆ.

ಹೋದ ವರ್ಷ ನಮ್ಮಮ್ಮ ಬಚ್ಚಲುಮನೆಯಲ್ಲಿ ಜಾರಿ ಕೈ ಊರಿಕೊಂಡರು. ಮಣಿಕಟ್ಟಿನ ಮೂಳೆ ಮುರಿಯಿತು. ಅಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದಿದ್ದು ಯಾಕೆ ಅಂತ ಡಾಕ್ಟರ್ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ ಅಂತ ಗೊತ್ತಾಯ್ತು. ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು. ಹೆಸರು ಅಲೆಂಡ್ರೊನೇಟ್. ಈ ಮಾತ್ರೆ ತಗೊಂಡವರ ಮನೆಯವರಿಗೆ ಅದರ ತಾಪತ್ರಯ ಗೊತ್ತಿರುತ್ತೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಕಾಫಿ ಕುಡಿಯೋ ಹಾಗಿಲ್ಲ. ನಮ್ಮಮ್ಮನಿಗೆ ಬೆಳಗಿನ ಕಾಫಿ ಇಲ್ಲದೆ ಅರ್ಧ ಗಂಟೆ ಅಂದರೆ ಅರ್ಧ ದಿನ.

ಅಷ್ಟರಲ್ಲಿ ಸಂಬಂಧಿಕರೊಬ್ಬರು ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದರು. ಜಪಾನಿನ ಗಿಡ, ಹೆಸರು ಮಕೊಮೊ. ಅದಕ್ಕೊಂದು ಶಿಲೀಂಧ್ರ ಸೇರಿಕೊಂಡಾಗ ಅದರಲ್ಲಿ ಮೂಳೆ ಸವೆತ ತಡೆಯೋ ಅಂಶ ಹುಟ್ಟುತ್ತೆ, ಇದು ವೈಜ್ಞಾನಿಕವಾಗಿ ಸಾಬೀತಾಗಿದೆ, ಇದೇ ಅದರ ಪುಡಿ ಅಂತ. ಅಮ್ಮ ತರಿಸಿಕೊಂಡರು. ಪುಡಿ ಶುರು ಮಾಡಿದರು. ಮಾತ್ರೆ ನಿಲ್ಲಿಸಿದರು. ಮೂರು ವಾರ ನನಗೆ ಗೊತ್ತೇ ಆಗಲಿಲ್ಲ. ಒಂದು ದಿನ ಮಾತ್ರೆ ಸ್ಟ್ರಿಪ್ ಎಣಿಸಿದಾಗ ತಾಳೆ ಆಗಲಿಲ್ಲ, ಆಗ ಗೊತ್ತಾಯ್ತು.

ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು. ಆದರೆ ಕಾಮರ್ಸ್ ಓದಿದವರಿಗೆ ಒಂದು ಅಭ್ಯಾಸ ಇರುತ್ತೆ ನೋಡಿ. ಖಾತೆ ಪುಸ್ತಕದಲ್ಲಿ ಯಾವ ಎಂಟ್ರಿ ಕಂಡರೂ ‘ಇದರ ವೋಚರ್ ಎಲ್ಲಿ?’ ಅಂತ ಕೇಳೋದು. ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಅನ್ನೋದು ಒಂದು ಎಂಟ್ರಿ. ಅದರ ವೋಚರ್ ಹುಡುಕಿಕೊಂಡು ಹೊರಟೆ. ಹುಡುಕಿದ್ದು ಪುಡಿ ಬಗ್ಗೆ, ಸಿಕ್ಕಿದ್ದು ಮಾತ್ರ ಒಂದು ಅದ್ಭುತವಾದ ತರಕಾರಿಯ ಕಥೆ. ಆ ಕಥೆಯನ್ನೂ ಹೇಳ್ತೀನಿ, ಕೊನೆಗೆ ಪುಡಿಯ ಲೆಕ್ಕವನ್ನೂ ಮುಗಿಸ್ತೀನಿ.

ಮೊದಲು, ಈ ಗಿಡ ಯಾವುದು?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಿಜಾನಿಯಾ ಲ್ಯಾಟಿಫೋಲಿಯಾ. ಹುಲ್ಲಿನ ಜಾತಿ, ನಮ್ಮ ಭತ್ತದ ದೂರದ ನೆಂಟ. ಕೆರೆ ಅಂಚು, ಜೌಗು, ನಿಂತ ನೀರು ಇರೋ ಕಡೆ ಆಳೆತ್ತರಕ್ಕೂ ಮೀರಿ ಬೆಳೆಯುತ್ತೆ. ಚೀನಾದಲ್ಲಿ ಬಹಳ ಹಿಂದಿನ ಕಾಲದಲ್ಲಿ ಇದು ತರಕಾರಿ ಅಲ್ಲ, ಧಾನ್ಯ. ಇದರ ಕಾಳನ್ನ ಬೇಯಿಸಿ ಅನ್ನದ ಹಾಗೆ ತಿನ್ನುತ್ತಿದ್ದರು. ಪ್ರಾಚೀನ ಚೀನಾದ ಆರು ಮುಖ್ಯ ಧಾನ್ಯಗಳ ಪಟ್ಟಿಯಲ್ಲೂ ಇದಕ್ಕೆ ಜಾಗ ಇತ್ತು.

ಈ ಗಿಡಕ್ಕೆ ಒಂದು ಶಿಲೀಂಧ್ರ ತಗುಲಿಕೊಳ್ಳುತ್ತೆ. ಅದರ ಹೆಸರು ಅಸ್ಟಿಲಾಗೊ ಎಸ್ಕುಲೆಂಟಾ. ‘ಎಸ್ಕುಲೆಂಟಾ’ ಅಂದರೆ ಲ್ಯಾಟಿನ್ ಭಾಷೆಯಲ್ಲಿ ‘ತಿನ್ನೋಕೆ ಬರೋದು’ ಅಂತ. ಇದು ಸ್ಮಟ್ ಅನ್ನೋ ಗುಂಪಿನ ಶಿಲೀಂಧ್ರ. ನಮ್ಮ ರೈತರಿಗೆ ಈ ಗುಂಪು ಚೆನ್ನಾಗಿ ಗೊತ್ತು. ಕನ್ನಡದಲ್ಲಿ ಇದಕ್ಕೆ ‘ಕಾಡಿಗೆ ರೋಗ’ ಅಂತಾರೆ. ಜೋಳದ ತೆನೆಯಲ್ಲಿ ಕಾಳು ಇರಬೇಕಾದ ಜಾಗದಲ್ಲಿ ಕಪ್ಪು ಪುಡಿ ತುಂಬಿಕೊಂಡಿರುತ್ತಲ್ಲ, ಅದು. ಮಂಡ್ಯದ ಕಡೆ ಕಬ್ಬಿನ ಸುಳಿಯಿಂದ ಕಪ್ಪಗೆ ಚಾಟಿ ಥರ ಒಂದು ಉದ್ದನೆ ಕಡ್ಡಿ ಹೊರಗೆ ಬರುತ್ತಲ್ಲ, ಅದೂ ಕಾಡಿಗೆ ರೋಗವೇ. ಅಂಥ ಗಿಡ ಕಂಡರೆ ರೈತ ಏನು ಮಾಡ್ತಾನೆ? ಬುಡ ಸಮೇತ ಕಿತ್ತು ಸುಡ್ತಾನೆ.

ಚೀನಾದ ರೈತ ಸುಡಲಿಲ್ಲ. ತಿಂದು ನೋಡಿದ.

ಶಿಲೀಂಧ್ರ ಒಳಗೆ ಹೋಗಿ ಮಾಡೋದೇನು?

ಈ ಶಿಲೀಂಧ್ರ ಗಿಡವನ್ನ ಕೊಲ್ಲೋದಿಲ್ಲ. ಒಳಗೇ ಮನೆ ಮಾಡಿಕೊಳ್ಳುತ್ತೆ. ಗಿಡದ ಬೆಳವಣಿಗೆಯನ್ನ ನಡೆಸೋ ಹಾರ್ಮೋನುಗಳಿವೆ, ಆಕ್ಸಿನ್, ಸೈಟೊಕೈನಿನ್ ಅಂತ. ಶಿಲೀಂಧ್ರ ಒಳಗಿದ್ದಾಗ ಈ ಹಾರ್ಮೋನುಗಳ ಲೆಕ್ಕಾಚಾರ ಏರುಪೇರಾಗುತ್ತೆ. ಕಾಂಡದ ತುದಿಯ ಜೀವಕೋಶಗಳು ಸಿಕ್ಕಾಪಟ್ಟೆ ವಿಭಜನೆ ಆಗ್ತವೆ, ಗಾತ್ರದಲ್ಲೂ ದಪ್ಪ ಆಗ್ತವೆ. ಎಲೆಗಳ ಹೊದಿಕೆಯೊಳಗೆ ಕಾಂಡ ಊದಿಕೊಂಡು ಎಳೆ ಬಿದಿರು ಕಳಲೆ ಥರ, ಬೆಳ್ಳಗೆ, ಗೇಣುದ್ದ ಆಗುತ್ತೆ. ಇದೇ ತರಕಾರಿ. ಚೀನಾದಲ್ಲಿ ಜಿಯಾವೊಬೈ, ಜಪಾನಿನಲ್ಲಿ ಮಕೊಮೊತಾಕೆ.

ಇದಕ್ಕೆ ಗಿಡ ತೆರುವ ಬೆಲೆ ಏನು ಗೊತ್ತಾ? ಅದು ಹೂ ಬಿಡೋದೇ ಇಲ್ಲ. ಹೂವಿಲ್ಲ ಅಂದರೆ ಕಾಳಿಲ್ಲ. ಒಂದು ಕಾಲದಲ್ಲಿ ಧಾನ್ಯ ಕೊಡುತ್ತಿದ್ದ ಬೆಳೆ, ಶಿಲೀಂಧ್ರ ಹಿಡಿದ ಗಿಡಗಳನ್ನೇ ಜನ ಆರಿಸಿ ಆರಿಸಿ ಬೆಳೆಸಿದ್ದರಿಂದ, ಬರಬರುತ್ತಾ ತರಕಾರಿ ಬೆಳೆಯಾಗಿಬಿಟ್ಟಿತು. ಕಾಳಿನ ಊಟ ಚೀನಾದ ತಟ್ಟೆಯಿಂದ ಹೆಚ್ಚುಕಡಿಮೆ ಮಾಯ ಆಯ್ತು. ಕಾಳಿಲ್ಲದ ಗಿಡವನ್ನ ಬಿತ್ತೋದು ಹೇಗೆ? ಬೇರಿನ ಬುಡ ಒಡೆದು, ಕಂದು ನೆಟ್ಟು. ನಾವು ಬಾಳೆ ನೆಡೋ ಹಾಗೆ. ಕಂದಿನೊಳಗೇ ಶಿಲೀಂಧ್ರವೂ ಕೂತಿರುತ್ತೆ, ಮುಂದಿನ ಬೆಳೆಗೆ ಅದೂ ಪುಕ್ಕಟೆ ಪ್ರಯಾಣ ಮಾಡುತ್ತೆ.

ಈ ಬೆಳೆಯ ರೈತನ ಕಷ್ಟ ಬೇರೆ ಥರ. ಗದ್ದೆಯಲ್ಲಿ ಮೂರು ಬಗೆ ಗಿಡ ಬರ್ತವೆ. ಮೊದಲನೆಯದು, ಶಿಲೀಂಧ್ರ ಇದ್ದು ಕಾಂಡ ಬೆಳ್ಳಗೆ ಊದಿದ್ದು. ಇದೇ ಬೇಕಾಗಿರೋದು. ಎರಡನೆಯದು, ಶಿಲೀಂಧ್ರ ಬೇಗ ಬಲಿತು ಒಳಗೆಲ್ಲಾ ಕಪ್ಪು ಬೀಜಾಣು ತುಂಬಿಕೊಂಡಿದ್ದು. ಇದನ್ನ ಬೂದು ಜಿಯಾವೊ ಅಂತಾರೆ, ಮಾರಾಟಕ್ಕೆ ಬರಲ್ಲ. ಮೂರನೆಯದು, ಶಿಲೀಂಧ್ರವೇ ಇಲ್ಲದ ಪೂರ್ತಿ ಆರೋಗ್ಯವಂತ ಗಿಡ. ಇದಕ್ಕೆ ‘ಗಂಡು ಜಿಯಾವೊ’ ಅಂತ ಹೆಸರು. ಇದರ ಕಾಂಡ ಊದೋದೇ ಇಲ್ಲ. ಅಂದರೆ ರೈತ ಆರೋಗ್ಯವಂತ ಗಿಡವನ್ನೇ ಕಿತ್ತು ಬಿಸಾಡಬೇಕು! ಶಿಲೀಂಧ್ರನಾಶಕ ಹೊಡೆಯುವಾಗಲೂ ಎಚ್ಚರ ಬೇಕು, ಬೆಳೆಗೆ ಬೆಲೆ ತಂದುಕೊಡೋ ಶಿಲೀಂಧ್ರವೇ ಸತ್ತರೆ ಆದಾಯವೂ ಹೋಯ್ತು. ಕೊಯ್ಲಿನ ಸಮಯವೂ ಅಷ್ಟೇ. ತಡ ಮಾಡಿದರೆ ಬೆಳ್ಳಗಿನ ತಿರುಳಿನಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಬರೋಕೆ ಶುರುವಾಗುತ್ತೆ.

ತೈವಾನಿನಲ್ಲಿ ಪುಲಿ ಅಂತ ಒಂದು ಊರಿದೆ. ಆ ದೇಶದ ಬಹುಪಾಲು ಜಿಯಾವೊಬೈ ಬೆಳೆಯೋದು ಅಲ್ಲೇ. ಸಿಪ್ಪೆ ಸುಲಿದ ಕಾಂಡದ ನುಣುಪು, ಬಿಳುಪು ನೋಡಿ ಅಲ್ಲಿನವರು ಅದಕ್ಕೆ ‘ಸುಂದರಿಯ ಕಾಲು’ ಅಂತ ಅಡ್ಡಹೆಸರು ಇಟ್ಟಿದ್ದಾರೆ. ದಿನದ ಬೆಳಕು ಕಡಿಮೆ ಇರೋ ತಿಂಗಳುಗಳಲ್ಲಿ ಗದ್ದೆಗಳಿಗೆ ರಾತ್ರಿ ಹೊತ್ತು ದೀಪ ಹಾಕ್ತಾರೆ, ಬೆಳೆ ನಿಲ್ಲದೆ ಬೆಳೀಲಿ ಅಂತ. ನಮ್ಮ ಕಡೆ ಸೇವಂತಿಗೆ ತೋಟಕ್ಕೆ ರಾತ್ರಿ ಬಲ್ಬ್ ಹಾಕ್ತಾರಲ್ಲ, ಆ ನೋಟವೇ.

ಇದು ನಮ್ಮ ದೇಶದಲ್ಲೂ ಇದೆ

ಹುಡುಕ್ತಾ ಹೋದಾಗ ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಇಲ್ಲಿ. ಈ ತರಕಾರಿಗೆ ಜಪಾನಿಗೆ ಹೋಗಬೇಕಾಗಿಲ್ಲ. ಮಣಿಪುರದಲ್ಲಿ ಇದನ್ನ ತಲೆಮಾರುಗಳಿಂದ ತಿಂತಾರೆ. ಅಲ್ಲಿ ಇದರ ಹೆಸರು ಕಂಬೊಂಗ್. ಲೋಕ್ತಾಕ್ ಸರೋವರದಲ್ಲಿ ತೇಲೋ ಹುಲ್ಲಿನ ದ್ವೀಪಗಳಿವೆಯಲ್ಲ, ಫುಮ್ಡಿ ಅಂತ, ಆ ಫುಮ್ಡಿ ಮೇಲೆ ಬೆಳೆಯೋ ಗಿಡಗಳಲ್ಲಿ ಇದೂ ಒಂದು. ಅಲ್ಲಿನ ಕೈಬುಲ್ ಲಮ್ಜಾವೊ ರಾಷ್ಟ್ರೀಯ ಉದ್ಯಾನದಲ್ಲಿರೋ ಸಾಂಗಾಯ್ ಜಿಂಕೆಗೂ ಈ ಹುಲ್ಲು ಮೇವು.

ಜಿಂಕೆ ಎಳೆ ಹುಲ್ಲು ತಿನ್ನುತ್ತೆ, ಮನುಷ್ಯ ಶಿಲೀಂಧ್ರ ಹಿಡಿದು ಊದಿದ ಕಾಂಡ ತಿನ್ನುತ್ತಾನೆ. ಇಂಫಾಲದಲ್ಲಿ ಹೆಂಗಸರೇ ನಡೆಸೋ ಇಮಾ ಕೈಥೆಲ್ ಮಾರುಕಟ್ಟೆಯಲ್ಲಿ ಸೀಸನ್ನಿನಲ್ಲಿ ಕಂಬೊಂಗ್ ಕಟ್ಟುಗಳು ಸಿಗ್ತವೆ. ಹಸಿಯಾಗಿಯೇ ಸಣ್ಣಗೆ ಹೆಚ್ಚಿ ಸಿಂಗ್ಜು ಅನ್ನೋ ಕೋಸಂಬರಿಯಂಥ ತಿನಿಸಿಗೆ ಹಾಕ್ತಾರೆ. ಪಲ್ಯದ ಥರವೂ ಮಾಡ್ತಾರೆ.

ಆದರೆ ಆ ನೀರಿಗೂ ಒಂದು ಸಂಕಟ ಇದೆ. 1983ರಲ್ಲಿ ಜಲವಿದ್ಯುತ್ ಯೋಜನೆಗಾಗಿ ಇಥಾಯ್ ಬ್ಯಾರೇಜ್ ಬಂತು. ಮೊದಲು ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿ ಸರೋವರದ ತಳಕ್ಕೆ ಕೂತು, ಅದರ ಬೇರುಗಳು ಮಣ್ಣಿನಿಂದ ಸಾರ ಹೀರಿಕೊಂಡು, ಮಳೆಗಾಲಕ್ಕೆ ಮತ್ತೆ ತೇಲುತ್ತಿತ್ತು. ಈಗ ವರ್ಷವಿಡೀ ನೀರಿನ ಮಟ್ಟ ಮೇಲೇ ಇರುತ್ತೆ. ಬೇರಿಗೆ ಮಣ್ಣು ಸಿಗೋದಿಲ್ಲ, ಫುಮ್ಡಿ ತೆಳುವಾಗ್ತಾ ಇದೆ. ಆನ್‌ಲೈನಿನಲ್ಲಿ ಇದೇ ಗಿಡದ ಪುಡಿಯನ್ನ ಚಿನ್ನದ ಬೆಲೆಗೆ ಕೊಳ್ಳೋ ನಾವು, ನಮ್ಮದೇ ದೇಶದಲ್ಲಿ ಅದು ಬೆಳೆಯೋ ಕೆರೆಯ ಬಗ್ಗೆ ಒಂದು ಮಾತೂ ಆಡಲ್ಲ.

ಸರಿ, ಆರೋಗ್ಯದ ವಿಚಾರಕ್ಕೆ ಬರೋಣ

ಮೊದಲು ತರಕಾರಿಯಾಗಿ ಇದರ ಬೆಲೆ ನೋಡೋಣ. ತಾಜಾ ಕಾಂಡದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನೀರೇ. 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ, ನಾರು ಸುಮಾರು 2 ಗ್ರಾಂ, ಪೊಟ್ಯಾಶಿಯಂ ಸುಮಾರು 200 ಮಿಲಿಗ್ರಾಂ. ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಅಂದರೆ ಒಳ್ಳೆ ತರಕಾರಿ. ನಮ್ಮ ಸೋರೆಕಾಯಿ, ಸೀಮೆಬದನೆ ಸಾಲಿನಲ್ಲಿ ಧಾರಾಳವಾಗಿ ಕೂರಿಸಬಹುದು. ಹೊಟ್ಟೆ ತುಂಬುತ್ತೆ, ಕ್ಯಾಲೊರಿ ಕಡಿಮೆ. ಆಕ್ಸಲಿಕ್ ಆಮ್ಲವೂ ಇರೋದರಿಂದ ಚೀನಾದ ಮನೆಗಳಲ್ಲಿ ಮೊದಲು ಕುದಿಯೋ ನೀರಿನಲ್ಲಿ ಒಂದು ಸುತ್ತು ಬೇಯಿಸಿ ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆಗೆ ಹಾಕೋದು ರೂಢಿ. ಕಿಡ್ನಿ ಕಲ್ಲಿನ ತೊಂದರೆ ಇರೋರು ಇದನ್ನ ಗಮನಿಸಬೇಕು.

ಶಿಲೀಂಧ್ರ ಸೇರಿಕೊಂಡರೆ ಆಹಾರದ ಗುಣ ನಿಜವಾಗಿ ಬದಲಾಗುತ್ತಾ? ಬದಲಾಗಬಹುದು. ಮೆಕ್ಸಿಕೋದ ಉದಾಹರಣೆ ನೋಡಿ. ಅಲ್ಲಿ ಮೆಕ್ಕೆಜೋಳದ ತೆನೆಗೆ ಇದೇ ಕುಟುಂಬದ ಇನ್ನೊಂದು ಕಾಡಿಗೆ ಶಿಲೀಂಧ್ರ ಹಿಡಿಯುತ್ತೆ. ಕಾಳುಗಳು ಬೂದುಬಣ್ಣದ ಗುಳ್ಳೆಗಳಾಗಿ ಊದ್ತವೆ. ಅದನ್ನ ವಿಟ್ಲಕೋಚೆ ಅಂತ ಕರೆದು, ಆಸೆಪಟ್ಟು ತಿಂತಾರೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಮೈನೊ ಆಮ್ಲ ಕಡಿಮೆ. ವಿಟ್ಲಕೋಚೆಯಲ್ಲಿ ಅದು ಚೆನ್ನಾಗಿಯೇ ಇದೆ. ಕಾಳು ಕೊಡದ್ದನ್ನ ಕಾಳಿನ ರೋಗ ಕೊಡುತ್ತೆ. ಹಾಗಾಗಿ ‘ಶಿಲೀಂಧ್ರ ಹಿಡಿದ ಗಿಡಕ್ಕೆ ಆರೋಗ್ಯದ ಗುಣ’ ಅನ್ನೋ ಮಾತನ್ನ ಕೇಳಿದ ತಕ್ಷಣ ನಕ್ಕು ತಳ್ಳಿಹಾಕೋ ಹಾಗಿಲ್ಲ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಯಾರಾದರೂ ಅರ್ಧ ಕೇಳಿ ಎದ್ದುಹೋದರೆ ಕಷ್ಟ. ಎಲ್ಲಾ ಶಿಲೀಂಧ್ರವೂ ತಿನ್ನೋಕಲ್ಲ. ಬೂಷ್ಟು ಹಿಡಿದ ಕಡಲೆಕಾಯಿ, ಒದ್ದೆಯಾಗಿ ಕಪ್ಪಿಟ್ಟ ಮೆಕ್ಕೆಜೋಳದಲ್ಲಿ ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಅಫ್ಲಾಟಾಕ್ಸಿನ್ ವಿಷ ಉತ್ಪಾದಿಸುತ್ತೆ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಇಂಥ ಮೆಕ್ಕೆಜೋಳ ತಿಂದು ಲಿವರ್ ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಮಕೊಮೊತಾಕೆ, ವಿಟ್ಲಕೋಚೆ ಎರಡೂ ಶತಮಾನಗಳ ಕಾಲ ಜನ ತಿಂದು ಪರೀಕ್ಷೆ ಮಾಡಿರೋ ಜೋಡಿಗಳು. ಅವನ್ನ ನೋಡಿ ನಮ್ಮ ಹೊಲದ ಕಾಡಿಗೆ ರೋಗವನ್ನ ಬಾಣಲೆಗೆ ಹಾಕಬೇಡಿ ದಯವಿಟ್ಟು.

ಈಗ ಮೂಳೆಯ ವೋಚರ್

ಮೂಳೆ ಅಂದರೆ ಸಿಮೆಂಟಿನ ಕಂಬ ಅಲ್ಲ. ದಿನಾ ಒಡೆದು ದಿನಾ ಕಟ್ಟೋ ಮನೆ. ಹಳೇ ಮೂಳೆಯನ್ನ ಕರಗಿಸೋ ಜೀವಕೋಶಗಳಿಗೆ ಆಸ್ಟಿಯೊಕ್ಲಾಸ್ಟ್ ಅಂತಾರೆ. ಹೊಸ ಮೂಳೆ ಕಟ್ಟೋ ಜೀವಕೋಶಗಳಿಗೆ ಆಸ್ಟಿಯೊಬ್ಲಾಸ್ಟ್. ಒಬ್ಬರು ಒಡೆಯೋರು, ಇನ್ನೊಬ್ಬರು ಕಟ್ಟೋರು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತೆ, ಒಡೆಯೋರ ಕೆಲಸ ಜಾಸ್ತಿಯಾಗುತ್ತೆ. ಜಮೆಗಿಂತ ಖರ್ಚು ಹೆಚ್ಚು. ವರ್ಷಗಟ್ಟಲೆ ಹೀಗೇ ನಡೆದರೆ ಬ್ಯಾಲೆನ್ಸ್ ಖಾಲಿ. ಅದೇ ಆಸ್ಟಿಯೊಪೊರೋಸಿಸ್.

2006ರಲ್ಲಿ ಜಪಾನಿನ ಶಿಜುವೊಕಾ ವಿಶ್ವವಿದ್ಯಾಲಯದ ಹಿರೊಕಾಜು ಕವಾಗಿಶಿ ಮತ್ತು ಜೊತೆಗಾರರು ಒಂದು ಸಂಶೋಧನಾ ಪ್ರಬಂಧ ಪ್ರಕಟಿಸಿದರು. ಮಕೊಮೊತಾಕೆಯಿಂದ ಕೆಲವು ರಾಸಾಯನಿಕಗಳನ್ನ ಬೇರ್ಪಡಿಸಿ, ಅವು ಆಸ್ಟಿಯೊಕ್ಲಾಸ್ಟ್ ಹುಟ್ಟೋದನ್ನ ತಡೀತವೆ ಅಂತ ತೋರಿಸಿದರು. ಮುಂದೆ ಇದೇ ತರಕಾರಿಯಲ್ಲಿ ಒಂದು ಹೊಸ ರಾಸಾಯನಿಕವೂ ಸಿಕ್ಕಿ, ಅದಕ್ಕೆ ತರಕಾರಿಯ ಹೆಸರನ್ನೇ ಸೇರಿಸಿ ಮಕೊಮೊಟಿಂಡೋಲಿನ್ ಅಂತ ಕರೆದರು. ವಾಟ್ಸಾಪ್ ಲಿಂಕಿನ ಹಿಂದಿರೋ ‘ಸಾಬೀತು’ ಇದೇ. ಸುಳ್ಳಲ್ಲ. ಸಂಶೋಧನೆ ನಿಜ, ವಿಜ್ಞಾನಿಗಳು ನಿಜ, ಫಲಿತಾಂಶವೂ ನಿಜ.

ಹಾಗಾದ್ರೆ ತಕರಾರು ಏನು? ವೋಚರ್ ಇದೆ, ಆದರೆ ಎಷ್ಟು ಮೊತ್ತದ್ದು ಅಂತ ನೋಡಬೇಕು.

ಆ ಪ್ರಯೋಗ ನಡೆದಿದ್ದು ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ. ಅಲ್ಲಿ ಶುದ್ಧ ಮಾಡಿದ ರಾಸಾಯನಿಕವನ್ನ ನೇರವಾಗಿ ಜೀವಕೋಶದ ಮೇಲೆ ಹಾಕ್ತಾರೆ. ಅಡುಗೆ ಇಲ್ಲ, ಹೊಟ್ಟೆಯ ಆಮ್ಲ ಇಲ್ಲ, ಕರುಳು ಇಲ್ಲ, ಲಿವರ್ ಇಲ್ಲ. ಅಲ್ಲಿಂದ ನಮ್ಮಮ್ಮನ ಮಣಿಕಟ್ಟಿಗೆ ಬರೋಕೆ ಇನ್ನೂ ಎಷ್ಟು ಮೆಟ್ಟಿಲಿದೆ ನೋಡಿ. ತಿಂದ ತರಕಾರಿಯಲ್ಲಿ ಆ ಅಂಶ ಸಾಕಷ್ಟು ಇರಬೇಕು. ಕರುಳು ಅದನ್ನ ಹೀರಿಕೊಳ್ಳಬೇಕು. ರಕ್ತದಲ್ಲಿ ಹಾಳಾಗದೆ ಮೂಳೆ ತಲುಪಬೇಕು. ಅಲ್ಲಿ ಕೆಲಸ ಮಾಡಬೇಕು. ಬೇರೆ ಕಡೆ ತೊಂದರೆ ಕೊಡಬಾರದು. ಇಷ್ಟೆಲ್ಲಾ ಆಗಿ, ಕೊನೆಗೆ ಮೂಳೆ ಮುರಿಯೋದು ಕಡಿಮೆ ಆಗಬೇಕು. ಲ್ಯಾಬಿನ ಫಲಿತಾಂಶ ಮೊದಲನೇ ಮೆಟ್ಟಿಲು. ಜಾಹೀರಾತು ಅದನ್ನೇ ಮಹಡಿ ಅಂತ ಮಾರುತ್ತೆ.

ಈಗ ಅಮ್ಮನಿಗೆ ಬೇಜಾರು ತರಿಸಿದ ಆ ಮಾತ್ರೆಯ ವೋಚರ್ ನೋಡೋಣ. ಅಲೆಂಡ್ರೊನೇಟ್ ಕೆಲಸ ಮಾಡೋದೂ ಅದೇ ಆಸ್ಟಿಯೊಕ್ಲಾಸ್ಟ್ ಮೇಲೆ, ಅಂದರೆ ಒಡೆಯೋರ ಕೈ ಹಿಡಿಯೋದು. ಆದರೆ ಅದನ್ನ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಪ್ರಯೋಗದಲ್ಲಿ, ಆಗಲೇ ಬೆನ್ನುಮೂಳೆ ಮುರಿತ ಆಗಿದ್ದ 2027 ಹೆಂಗಸರಿದ್ದರು. ಅರ್ಧದಷ್ಟು ಜನಕ್ಕೆ ಮಾತ್ರೆ, ಉಳಿದವರಿಗೆ ನೋಡೋಕೆ ಹಾಗೇ ಇರೋ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಮೂರು ವರ್ಷ ಕಾದರು. ಖಾಲಿ ಮಾತ್ರೆಯವರಲ್ಲಿ ಶೇಕಡಾ 15 ಮಂದಿಗೆ ಬೆನ್ನುಮೂಳೆಯಲ್ಲಿ ಹೊಸ ಮುರಿತ. ಅಲೆಂಡ್ರೊನೇಟ್ ತಗೊಂಡವರಲ್ಲಿ ಶೇಕಡಾ 8. ಸೊಂಟದ ಮೂಳೆ ಮುರಿದವರು ಒಂದು ಕಡೆ 22 ಜನ, ಇನ್ನೊಂದು ಕಡೆ 11. ಮಣಿಕಟ್ಟು ಮುರಿದವರ ಸಂಖ್ಯೆಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಇನ್ನೊಂದು ವಿಷಯ ಓದಿ ನಾನು ಒಂದು ಕ್ಷಣ ಸುಮ್ಮನೆ ಕೂತೆ. ಇಷ್ಟು ಪರೀಕ್ಷೆ ಪಾಸಾದ ಈ ಮಾತ್ರೆಯನ್ನ ಖಾಲಿ ಹೊಟ್ಟೆಯಲ್ಲಿ ನುಂಗಿದರೂ ದೇಹ ಹೀರಿಕೊಳ್ಳೋದು ಶೇಕಡಾ ಒಂದಕ್ಕಿಂತ ಕಡಿಮೆ. ಕಾಫಿ ಜೊತೆ ತಗೊಂಡರೆ ಅದೂ ಇನ್ನಷ್ಟು ಇಳಿಯುತ್ತೆ. ಅದಕ್ಕೇ ಆ ಬರೀ ನೀರು. ಅರ್ಧ ಗಂಟೆ ಮಲಗಬಾರದು ಅನ್ನೋದು ಯಾಕಂದ್ರೆ, ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಹುಣ್ಣು ಮಾಡಬಹುದು. ಇದನ್ನ ಅಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಚೀಟಿಯಲ್ಲಿ ‘ಖಾಲಿ ಹೊಟ್ಟೆ’ ಅಂತ ಇತ್ತು, ಅಷ್ಟೇ. ಕಾರಣ ಗೊತ್ತಿಲ್ಲದ ನಿಯಮ ಬರೀ ಕಾಟ ಅನ್ನಿಸುತ್ತೆ. ಪುಡಿ ಮಾರೋರು ಮಾತ್ರ ಅಮ್ಮನಿಗೆ ಎರಡು ಪುಟ ವಿವರಣೆ ಕೊಟ್ಟಿದ್ದರು. ಅವರು ಗೆದ್ದಿದ್ದು ಅಲ್ಲಿ.

ಡಬ್ಬಿಯ ಹಿಂಬದಿ

ಇಷ್ಟು ಓದಿಕೊಂಡ ಮೇಲೆ ಡಬ್ಬಿಯನ್ನ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಒಳಗಿರೋ ವಸ್ತು: ಮಕೊಮೊ ಎಲೆಯ ಪುಡಿ.

ಎಲೆ! ಕಾಂಡ ಅಲ್ಲ. ಜಪಾನಿನಲ್ಲಿ ಮಕೊಮೊ ಎಲೆಯ ಟೀ, ಎಲೆಯ ಪುಡಿ ಮಾರಾಟ ಆಗೋದು ನಿಜ. ಆದರೆ ಆ ಸಂಶೋಧನೆ ನಡೆದಿದ್ದು ಶಿಲೀಂಧ್ರ ಹಿಡಿದು ಊದಿದ ಕಾಂಡದ ಮೇಲೆ. ಎಲೆಯ ಪುಡಿಗೆ ಕಾಂಡದ ಸಂಶೋಧನೆಯ ಸರ್ಟಿಫಿಕೇಟ್ ಅಂಟಿಸಿದ್ದಾರೆ. ಲೆಕ್ಕದ ಭಾಷೆಯಲ್ಲಿ ಹೇಳೋದಾದರೆ ಬೇರೆ ಕಂಪನಿಯ ವೋಚರನ್ನ ತಂದು ನಮ್ಮ ಪುಸ್ತಕದಲ್ಲಿ ಎಂಟ್ರಿ ಮಾಡಿದ ಹಾಗೆ. ಯಾವ ಆಡಿಟರೂ ಪಾಸ್ ಮಾಡಲ್ಲ.

ನಮ್ಮಲ್ಲಿ ಇದಕ್ಕೆ ಕಾನೂನೂ ಇದೆ. ಆಹಾರ ಪದಾರ್ಥಗಳ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ತಂದಿದೆ. ಆಹಾರ ಅಂತ ಮಾರೋ ವಸ್ತು ಕಾಯಿಲೆಯನ್ನ ವಾಸಿ ಮಾಡುತ್ತೆ ಅಂತ ಹೇಳೋ ಹಾಗಿಲ್ಲ. ಹಾಗಾಗಿ ಡಬ್ಬಿ ಮೇಲೆ ‘ಮೂಳೆಯ ಆರೋಗ್ಯಕ್ಕೆ’ ಅಂತ ಮೆತ್ತಗೆ ಬರೆದಿರ್ತಾರೆ. ‘ಮಾತ್ರೆ ಬಿಟ್ಟೆ, ಗುಣ ಆಯ್ತು’ ಅನ್ನೋ ಮಾತು ವಾಟ್ಸಾಪಿನಲ್ಲಿ ಬರುತ್ತೆ. ಅದಕ್ಕೆ ಸಹಿ ಇರಲ್ಲ.

ಇನ್ನು ‘ನ್ಯಾಚುರಲ್ ಅಲ್ವಾ, ತೊಂದರೆ ಏನಿದೆ’ ಅನ್ನೋ ಮಾತು. ಈ ಶಿಲೀಂಧ್ರದ ಬಲಿತ ಬೀಜಾಣು ಕಾಡಿಗೆಯಷ್ಟೇ ಕಪ್ಪು, ಅಷ್ಟೇ ನುಣುಪು. ಜಪಾನಿನಲ್ಲಿ ಹಿಂದೆ ಅದನ್ನ ಹುಬ್ಬಿಗೆ ಬಣ್ಣವಾಗಿ ಹಚ್ಚುತ್ತಿದ್ದರು. ನಾವು ರೋಗಕ್ಕೆ ಕಾಡಿಗೆ ಅಂತ ಹೆಸರಿಟ್ಟೆವು, ಅವರು ನಿಜವಾಗಿಯೇ ಮುಖಕ್ಕೆ ಹಚ್ಚಿದರು! ಕಾಮಕುರಾ ಅನ್ನೋ ಊರಿನ ಪ್ರಸಿದ್ಧ ಮರದ ಕೆತ್ತನೆಗೆ ಅರಗು ಬಳಿಯುವಾಗ ಹಳೆಯ ಮೆರುಗು ಬರಲಿ ಅಂತ ಈ ಪುಡಿಯನ್ನ ಉದುರಿಸ್ತಾರೆ. ಆ ಪುಡಿಯನ್ನ ಉಸಿರಾಡಿದ ಕುಶಲಕರ್ಮಿಗಳಿಗೆ ಅಲರ್ಜಿಯಿಂದ ಶ್ವಾಸಕೋಶದ ಉರಿಯೂತ ಬಂದಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಅದೇ ಗಿಡ, ಅದೇ ಶಿಲೀಂಧ್ರ. ಎಳೆಯದಾಗಿದ್ದಾಗ ತಟ್ಟೆಯಲ್ಲಿ ತರಕಾರಿ, ಬಲಿತು ಪುಡಿಯಾಗಿ ಮೂಗಿಗೆ ಹೋದರೆ ಕಾಯಿಲೆ. ನ್ಯಾಚುರಲ್ ಅನ್ನೋ ಒಂದೇ ಪದ ಎರಡಕ್ಕೂ ಹೊಂದುತ್ತೆ, ಅದರಿಂದ ನಮಗೆ ಏನೂ ತಿಳಿಯೋದಿಲ್ಲ.

ಹೊರದೇಶದಲ್ಲಿರೋ ಕೇಳುಗರಿಗೆ ಒಂದು ಮಾತು. ಚೀನೀ, ಜಪಾನೀ ಅಡುಗೆಯವರ ಮನೆಯಲ್ಲಿ ಇದನ್ನ ತಿಂದು ಇಷ್ಟ ಆಯ್ತು ಅಂತ ಅಮೆರಿಕಕ್ಕೆ ತಗೊಂಡು ಹೋಗೋ ಯೋಚನೆ ಬೇಡ. ಅಲ್ಲಿನ ಸ್ಥಳೀಯ ಕಾಡುಭತ್ತ ಇದೇ ಕುಲದ ಗಿಡ. ಈ ಶಿಲೀಂಧ್ರ ಅದಕ್ಕೂ ಹಬ್ಬಿದರೆ ಹೂ, ಕಾಳು ಎರಡೂ ಹೋದವು. ಅದಕ್ಕೇ ಅಲ್ಲಿ ಇದರ ಆಮದಿಗೆ ನಿಷೇಧ ಇದೆ. ಒಬ್ಬರ ತರಕಾರಿ ಇನ್ನೊಬ್ಬರ ಧಾನ್ಯಕ್ಕೆ ಮಾರಿ.

ಕೊನೆಯ ಲೆಕ್ಕ

ಹಾಗಾದರೆ ಮಕೊಮೊತಾಕೆ ಆರೋಗ್ಯಕ್ಕೆ ಒಳ್ಳೆಯದಾ? ಒಳ್ಳೆಯದು. ನಾರು, ನೀರು, ಪೊಟ್ಯಾಶಿಯಂ ಇರೋ ಹಗುರವಾದ ತರಕಾರಿಯಾಗಿ. ಇಂಫಾಲಕ್ಕೆ ಹೋದರೆ ಸಿಂಗ್ಜು ತಿನ್ನಿ, ತೈಪೆಗೆ ಹೋದರೆ ಸಿಪ್ಪೆ ಸಮೇತ ಸುಟ್ಟದ್ದನ್ನ ತಿನ್ನಿ. ಅದರೊಳಗಿನ ರಾಸಾಯನಿಕಗಳಿಂದ ಮುಂದೊಂದು ದಿನ ಔಷಧಿ ಬರಬಹುದಾ? ಬಂದರೆ ನನಗೂ ಸಂತೋಷ. ಆ ದಿನ ಅದರ ಹಿಂದೆ ಸಾವಿರಾರು ಜನರ ಮೇಲಿನ ಪ್ರಯೋಗ ಇರುತ್ತೆ, ಅದಕ್ಕೂ ಒಂದು ಚೀಟಿ, ಒಂದಷ್ಟು ನಿಯಮ ಇರ್ತವೆ. ಇವತ್ತು ಡಾಕ್ಟರ್ ಬರೆದ ಮಾತ್ರೆಯ ಬದಲಿಗೆ ಅದರ ಪುಡಿಯಾ? ಇಲ್ಲ. ಮಾತ್ರೆ ಒಗ್ಗುತ್ತಿಲ್ಲ ಅಂದರೆ ಡಾಕ್ಟರಿಗೇ ಹೇಳಿ, ಬೇರೆ ಔಷಧಿಗಳೂ ಇವೆ. ಸುಮ್ಮನೆ ನಿಲ್ಲಿಸಬೇಡಿ.

ಅಮ್ಮನ ಹತ್ತಿರ ಇದನ್ನೆಲ್ಲಾ ಕೂತು ಮಾತಾಡಿದೆ. ಬೈಯಲಿಲ್ಲ. ಬೈದರೆ ಇನ್ನೊಂದು ಡಬ್ಬಿ ಇನ್ನೂ ಒಳಗಿನ ಶೆಲ್ಫಿಗೆ ಹೋಗುತ್ತೆ ಅಂತ ಗೊತ್ತಿತ್ತು. ಆ 2027 ಹೆಂಗಸರ ಕಥೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಆ ಖಾಲಿ ಮಾತ್ರೆ ತಗೊಂಡವರು ಪಾಪ, ಅವರೂ ಅರ್ಧ ಗಂಟೆ ಕಾಫಿ ಇಲ್ಲದೆ ಕೂತಿದ್ರಾ?’ ಕೂತಿರಲೇಬೇಕು ಅಂದೆ. ನಮ್ಮಮ್ಮನಿಗೆ ಮಾತ್ರೆ ಕೆಲಸ ಮಾಡುತ್ತೆ ಅಂತ ಗೊತ್ತಾಗೋಕೆ, ಪರಿಚಯವೇ ಇಲ್ಲದ ಸಾವಿರ ಹೆಂಗಸರು ಮೂರು ವರ್ಷ ಖಾಲಿ ಮಾತ್ರೆ ನುಂಗಿದ್ದಾರೆ. ಆ ಮಾತು ಅವರಿಗೆ ತಟ್ಟಿತು ಅನ್ನಿಸುತ್ತೆ. ನನಗೂ ತಟ್ಟಿತು.

ಈಗ ಭಾನುವಾರ ಬೆಳಿಗ್ಗೆ ಅಮ್ಮ ಮಾತ್ರೆ ನುಂಗಿ ಅಂಗಳದಲ್ಲಿ ಓಡಾಡ್ತಾರೆ. ಆ ಅರ್ಧ ಗಂಟೆ ನಾನೂ ಕಾಫಿ ಕುಡಿಯಲ್ಲ. ಇಬ್ಬರೂ ಗಡಿಯಾರ ನೋಡ್ತಾ ಇರ್ತೀವಿ. ಪುಡಿ ಡಬ್ಬಿ ಶೆಲ್ಫಿನಲ್ಲೇ ಇದೆ, ಬಿಸಾಡೋಕೆ ಅಮ್ಮನಿಗೆ ಮನಸ್ಸಿಲ್ಲ. ದುಡ್ಡು ಕೊಟ್ಟಿದ್ದೀವಲ್ಲ ಅಂತಾರೆ. ಕೊಟ್ಟುಹೋದ ದುಡ್ಡಿಗೆ ಮುಂದಿನ ನಿರ್ಧಾರ ಕಟ್ಟಿಹಾಕಬಾರದು ಅಂತ ನಮ್ಮ ಕಾಸ್ಟಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಆದರೆ ಆ ಪಾಠವನ್ನ ಅಮ್ಮನಿಗೆ ಹೇಳೋ ಧೈರ್ಯ ನನಗಿಲ್ಲ.

ನಿಮ್ಮ ಮನೆ ಶೆಲ್ಫಿನಲ್ಲೂ ಇಂಥದ್ದೊಂದು ಡಬ್ಬಿ ಇದ್ದರೆ, ಇವತ್ತು ಅದನ್ನ ತಿರುಗಿಸಿ ಹಿಂಬದಿ ಓದಿ. ಜೊತೆಗೆ ಮನೆಯಲ್ಲಿ ದೊಡ್ಡವರ ಮಾತ್ರೆ ಸ್ಟ್ರಿಪ್ ಒಂದು ಸಲ ಎಣಿಸಿ. ತಾಳೆ ಆಗದಿದ್ದರೆ ಜಗಳ ಆಡಬೇಡಿ, ಯಾಕೆ ಅಂತ ಕೇಳಿ.